ಬ್ರೌಸಿಂಗ್ ನಿಧಾನವಾದರೆ ಆ್ಯಂಟಿವೈರಸ್ ಪೂರ್ತಿ ಬಂದ್ ಮಾಡಬೇಡಿ
ರಾಯಚೂರು ಗಂಜ್‌ನ ಅಂಗಡಿಗಳಲ್ಲಿರುವಂತಹ ಹಳೆಯ ಕಂಪ್ಯೂಟರುಗಳಲ್ಲಿ ಆ್ಯಂಟಿವೈರಸ್‌ನಿಂದಾಗಿ ಜಾಲತಾಣಗಳು ತಡವಾಗಿ ತೆರೆದುಕೊಳ್ಳುತ್ತಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಒಂದನ್ನು ಮಾತ್ರ ನಿಲ್ಲಿಸಿ, ಫಿಶಿಂಗ್ (ನಕಲಿ ತಾಣಗಳ ಮೂಲಕ ಪಾಸ್‌ವರ್ಡ್, ಹಣ ಕದಿಯುವ ವಂಚನೆ) ತಡೆಯನ್ನೂ ಕಡತಗಳ ತಪಾಸಣೆಯನ್ನೂ ಹಾಗೆಯೇ ಉಳಿಸಿಕೊಂಡು, ಕ್ರೋಮ್‌ನಲ್ಲಿ ಸೇಫ್ ಬ್ರೌಸಿಂಗ್ ಚಾಲನೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಆ ಸ್ಕ್ಯಾನಿಂಗ್ ಪ್ರತಿಯೊಂದು ಸುರಕ್ಷಿತ ಸಂಪರ್ಕವನ್ನೂ ನಡುವೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಗೂಢಲಿಪಿಗೆ ಬದಲಿಸಿ ಕಳುಹಿಸುವುದರಿಂದ ಹಳೆಯ ಯಂತ್ರಕ್ಕೆ ಹೊರೆಯಾಗುತ್ತದೆ. ಸೇಫ್ ಬ್ರೌಸಿಂಗ್ ಮುಖ್ಯವಾಗಿ ತಾಣದ ವಿಳಾಸವನ್ನು ಅಪಾಯಕಾರಿ ತಾಣಗಳ ಪಟ್ಟಿಯೊಂದಿಗೆ ಹೋಲಿಸುವುದರಿಂದ ಅಷ್ಟು ಸಮಯ ಹಿಡಿಯುವುದಿಲ್ಲ. ಆದರೆ ಕೆಲವು ಆ್ಯಂಟಿವೈರಸ್‌ಗಳಲ್ಲಿ ಫಿಶಿಂಗ್ ತಡೆಯೇ ಈ ಸ್ಕ್ಯಾನಿಂಗನ್ನು ಅವಲಂಬಿಸಿರುತ್ತದೆ; ಅಂತಹವುಗಳಲ್ಲಿ, ವಿಶೇಷವಾಗಿ ಬ್ಯಾಂಕಿನ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ, ದಯವಿಟ್ಟು ಅದನ್ನು ಮುಟ್ಟಬೇಡಿ. ಆಗತಾನೇ ಹುಟ್ಟಿಕೊಂಡ ನಕಲಿ ತಾಣವನ್ನು ಆ್ಯಂಟಿವೈರಸ್, ಸೇಫ್ ಬ್ರೌಸಿಂಗ್ ಎರಡೂ ಗುರುತಿಸದೆ ಹೋಗಬಹುದು; ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.