ಗುಂಡು ಎಲ್ಲಿ ಬಿತ್ತೆಂದು ಮೊದಲು ಮಗುವೇ ಹೇಳಲಿ

ಮಗುವಿನ ಜೊತೆ ಏರ್ ರೈಫಲ್ ಅಭ್ಯಾಸಕ್ಕೆ ನಿಲ್ಲುವ ಅಪ್ಪ ಅಮ್ಮಂದಿರಿಗೆ ನನ್ನ ಮೊದಲ ಮಾತು ಇದು: ಗುಂಡು ಹಾರಿದೊಡನೆ ಟಾರ್ಗೆಟ್ ಕಡೆ ನೋಡಬೇಡಿ. ‘ಎಲ್ಲಿ ಬಿದ್ದಿರಬಹುದು, ಹೇಳು’ ಎಂದು ಮಗುವನ್ನೇ ಕೇಳಿ. ಟ್ರಿಗರ್ ಎಳೆದ ಆ ಕ್ಷಣದಲ್ಲಿ ಸೈಟ್ (ರೈಫಲ್ ಮೇಲಿನ ಗುರಿ ನೋಡುವ ಸಾಧನ) ಎಲ್ಲಿತ್ತೆಂದು ಕಂಡದ್ದು ಅದರ ಕಣ್ಣಿಗೆ ಮಾತ್ರ. ‘ಬಲಕ್ಕೆ ಹೋಯಿತು, ಸ್ವಲ್ಪ ಕೆಳಗೆ’ ಎಂದು ಅದು ಹೇಳಿದ ಮೇಲೆ ಇಬ್ಬರೂ ಸೇರಿ ನೋಡಿ. ಶೂಟರ್‌ಗಳು ಇದಕ್ಕೆ ಶಾಟ್ ಕಾಲ್ ಮಾಡುವುದು ಎನ್ನುತ್ತಾರೆ. ನನ್ನ ಮಟ್ಟಿಗೆ, ಅದೃಷ್ಟದಿಂದ ಬಂದ ಹತ್ತು ಅಂಕಕ್ಕಿಂತ ಸರಿಯಾಗಿ ಊಹಿಸಿದ ಏಳು ಅಂಕ ದೊಡ್ಡದು.

ನನ್ನ ಮಗಳು ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈಯೆತ್ತದ ಹುಡುಗಿ. ಬೇರೆ ಯಾರಾದರೂ ಸರಿ ಎನ್ನುವವರೆಗೆ ತನ್ನ ಮಾತನ್ನು ತಾನೇ ನಂಬುತ್ತಿರಲಿಲ್ಲ. ತಾನು ಹೇಳಿದ ಕಡೆಯೇ ಕಾಗದದಲ್ಲಿ ತೂತು ಕಾಣುವುದು ಅವಳಿಗೆ ಹೊಸ ಅನುಭವ. ಅಲ್ಲಿ ಅಮ್ಮನ ಮೆಚ್ಚುಗೆಯಾಗಲಿ ಟೀಚರ ಒಪ್ಪಿಗೆಯಾಗಲಿ ಬೇಕಿರಲಿಲ್ಲ. ಅವಳ ಮಾತಿಗೆ ಕಾಗದವೇ ಸಾಕ್ಷಿ ಹೇಳುತ್ತಿತ್ತು. ಊಹೆ ತಪ್ಪಿದಾಗಲೂ ನಷ್ಟವಿಲ್ಲ. ಹಲವು ಸಲ ಒಂದೇ ದಿಕ್ಕಿಗೆ ತಪ್ಪಿದರೆ ಸೈಟ್ ಸರಿಪಡಿಸಬೇಕು, ದಿಕ್ಕುದೆಸೆಯಿಲ್ಲದೆ ತಪ್ಪುತ್ತಿದ್ದರೆ ಟ್ರಿಗರ್ ಎಳೆಯುವಾಗ ಮಗು ಕಣ್ಣು ಮುಚ್ಚುತ್ತಿದೆಯೇ ಎಂದು ಗಮನಿಸಬೇಕು.

ಆದರೆ ಇದಕ್ಕೂ ಮೊದಲು ಸುರಕ್ಷತೆ. ಯಾವ ವಯಸ್ಸಿಗೆ ಏನು ಅನುಮತಿಯಿದೆ, ರೈಫಲ್ ಹೇಗೆ ಬೀಗ ಹಾಕಿಡಬೇಕು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಅದನ್ನು ತಿಳಿದುಕೊಂಡು, ಮೇಲ್ವಿಚಾರಣೆ ಇರುವ ರೇಂಜಿನಲ್ಲೇ ಶುರುಮಾಡಿ. ನಿಯಮಗಳು ಕೆಲವೇ. ಪ್ರತಿಯೊಂದು ರೈಫಲ್ಲಿನಲ್ಲೂ ಗುಂಡು ಇದೆಯೆಂದೇ ತಿಳಿಯಬೇಕು. ನಳಿಕೆಯ ಬಾಯಿ ಸದಾ ಟಾರ್ಗೆಟ್ ದಿಕ್ಕಿಗಿರಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಕಾಪಿನ ಹೊರಗೇ ಇರಬೇಕು. ಟಾರ್ಗೆಟ್ ಹಿಂದೆ ಏನಿದೆ ಎಂದು ಗೊತ್ತಿರಬೇಕು. ಎಲ್ಲರೂ ರೈಫಲ್ ಖಾಲಿ ಮಾಡಿ ಕೆಳಗಿಟ್ಟು, ನಳಿಕೆಗೆ ಅದು ಖಾಲಿಯೆಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕುವವರೆಗೆ ಯಾರೂ ಮುಂದೆ ಹೋಗಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ಪೆಲೆಟ್‌ಗಳು, ಅಂದರೆ ಏರ್ ರೈಫಲ್ಲಿನ ಪುಟ್ಟ ಗುಂಡುಗಳು, ಸಾಮಾನ್ಯವಾಗಿ ಸೀಸದವು, ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ರೇಂಜಿನಲ್ಲಿ ತಿನ್ನುವುದು ಬೇಡ, ಪೆಲೆಟ್ ಬಾಯಿಗಿಟ್ಟುಕೊಳ್ಳುವುದಂತೂ ಬೇಡವೇ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಈ ನಿಯಮಗಳನ್ನು ಮಗುವಿಗೆ ಹೇಳಿಕೊಟ್ಟರೆ ಸಾಲದು, ಅವನ್ನು ನಡೆಸುವ ಅಧಿಕಾರವನ್ನೂ ಕೊಡಿ. ನಮ್ಮಲ್ಲಿ ‘ನಿಲ್ಲಿಸಿ’ ಎಂದು ಕೂಗುವ ಹಕ್ಕು ನನಗೆಷ್ಟಿದೆಯೋ ಮಗಳಿಗೂ ಅಷ್ಟೇ ಇದೆ. ಅವಳು ಕೂಗಿದರೆ ಕಾರಣ ಕೇಳದೆ ರೈಫಲ್ ಕೆಳಗಿಡುತ್ತೇನೆ, ಕಾರಣ ಆಮೇಲೆ. ಕೆಲವೊಮ್ಮೆ ಅಭ್ಯಾಸ ಶುರುವಾಗುವ ಮುನ್ನ ಬೇಕೆಂದೇ ಕನ್ನಡಕ ಹಾಕದೆ ಫೈರಿಂಗ್ ಲೈನಿಗೆ ಬಂದು ನಿಲ್ಲುತ್ತೇನೆ. ‘ಅಮ್ಮಾ, ಕನ್ನಡಕ!’ ಎಂದು ಅವಳು ತಡೆಯುವ ದನಿಯಲ್ಲಿ ಈಗ ಸ್ವಲ್ಪವೂ ಅಂಜಿಕೆಯಿಲ್ಲ. ದೊಡ್ಡವರನ್ನು ತಡೆದು ನಿಲ್ಲಿಸಬಹುದು, ತಡೆದದ್ದಕ್ಕೆ ಅವರು ಧನ್ಯವಾದ ಹೇಳುತ್ತಾರೆ ಎಂದು ಮಕ್ಕಳಿಗೆ ಗೊತ್ತಾಗುವ ಜಾಗಗಳು ಬಹಳ ಕಡಿಮೆ.

ಇನ್ನು ರೈಫಲ್. 10 ಮೀಟರ್ ಸ್ಪರ್ಧೆಯ ಏರ್ ರೈಫಲ್ 4.5 ಮಿಲಿಮೀಟರ್ ಪೆಲೆಟ್ ಹಾರಿಸುತ್ತದೆ, ತೂಕ 5.5 ಕಿಲೋ ತನಕ ಇರಬಹುದು. ಬೆಳೆಯುವ ಬೆನ್ನಿಗೆ ಅದು ಭಾರ. ಹಗುರವಾದ ಜೂನಿಯರ್ ರೈಫಲ್ ಹುಡುಕಿ, ಕುಳಿತು ಆಸರೆಯ ಮೇಲಿಟ್ಟು ಶುರುಮಾಡಿಸಿ. ರೈಫಲ್ಲಿನ ಭುಜಕ್ಕೆ ಒರಗುವ ಹಿಂತುದಿಯನ್ನು ಮೊಣಕೈಯ ಒಳಮಡಿಕೆಗೆ ಒತ್ತಿಟ್ಟಾಗ ತೋರುಬೆರಳು ಆರಾಮವಾಗಿ ಟ್ರಿಗರ್ ಮುಟ್ಟಬೇಕು; ಮುಟ್ಟದಿದ್ದರೆ ರೈಫಲ್ ಉದ್ದವಾಯಿತು ಎಂದೇ ಅರ್ಥ. ಯಾವ ಕಣ್ಣು ಪ್ರಬಲ ಎಂಬುದನ್ನೂ ನೋಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ದೂರದ ವಸ್ತುವೊಂದನ್ನು ಅದರೊಳಗಿಂದ ನೋಡಲು ಹೇಳಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದೇ ಪ್ರಬಲ. ಬಲಗೈಯ ಮಗುವಿಗೆ ಎಡಗಣ್ಣು ಪ್ರಬಲವಾಗಿದ್ದರೆ ಮೊದಲ ದಿನವೇ ಎಡಭುಜದಿಂದ ಕಲಿಸಿ ನೋಡುವುದು ಲೇಸು. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರೆ ಮುಖವೆಲ್ಲ ಬಿಗಿಯುತ್ತದೆ. ಆ ಕಣ್ಣಿನ ಮುಂದೆ ಒಂದು ಬಿಳಿ ಪಟ್ಟಿ ಅಡ್ಡವಿಟ್ಟರೆ ಸಾಕು.

10 ಮೀಟರ್ ರೈಫಲ್ ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಇಡೀ ಟಾರ್ಗೆಟ್ಟೇ 45.5 ಮಿಲಿಮೀಟರ್. ಹೊಸಬರ ಕೈಗೆ ಇದನ್ನು ಕೊಟ್ಟರೆ ಅಳು ಬರುವಷ್ಟು ಕಡಿಮೆ ಅಂಕಗಳೇ ಬರುತ್ತವೆ. ಕಾಗದ ತಿರುವಿ ಬಿಳಿಯ ಹಿಂಬದಿಯನ್ನು ಮುಂದೆ ಮಾಡಿ. ಬಿಳಿ ಹಾಳೆಯ ನಡುಭಾಗಕ್ಕೆ ಐದು ಗುಂಡು ಹೊಡೆದು, ಐದೂ ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದಷ್ಟೇ ನೋಡಿ. ಇದೇ ಗ್ರೂಪ್. ಗ್ರೂಪ್ ಮೂಲೆಯಲ್ಲಿ ಬಿದ್ದಿದ್ದರೂ ಬಿಗಿಯಾಗಿದ್ದರೆ ಮಗು ತನ್ನ ಕೆಲಸ ಮಾಡಿದೆ. ಅದನ್ನು ನಡುವಿಗೆ ತರುವುದು ಸೈಟಿನ ಎರಡು ತಿರುಗುಗುಂಡಿಗಳ ಕೆಲಸ. ಆ ಗುಂಡಿಯನ್ನು ತಿರುಗಿಸುವುದನ್ನೂ ಮಗುವಿಗೇ ಬಿಡಿ.

ನಾನು ಹೆಚ್ಚು ಹೊತ್ತು ಕೊಡುವುದು ಸಹಜ ಗುರಿನೇರಕ್ಕೆ, ಅಂದರೆ ಮೈ ಸಡಿಲವಾಗಿದ್ದಾಗ ರೈಫಲ್ ತಾನಾಗಿಯೇ ನಿಲ್ಲುವ ದಿಕ್ಕಿಗೆ. ಗುರಿ ಹಿಡಿದು ಕಣ್ಣು ಮುಚ್ಚಿ, ಒಂದೆರಡು ಉಸಿರು ಬಿಟ್ಟು, ಮೈ ಸಡಿಲಿಸಿ, ಕಣ್ಣು ತೆರೆಯಬೇಕು. ಸೈಟ್ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆದು ತರಬಾರದು. ಕುಳಿತಿದ್ದರೆ ಕುರ್ಚಿ, ನಿಂತಿದ್ದರೆ ಪಾದ ಕದಲಿಸಬೇಕು. ಬಲವಂತದಿಂದ ಹಿಡಿದದ್ದು ಟ್ರಿಗರ್ ಎಳೆಯುವಾಗ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ. ಉಸಿರನ್ನು ಅರ್ಧಕ್ಕಿಂತ ಹೆಚ್ಚು ಬಿಟ್ಟು, ಮುಂದಿನ ಉಸಿರಿನ ಮೊದಲು ಬರುವ ಸಹಜ ನಿಲುಗಡೆಯಲ್ಲಿ, ಬೆರಳಿನ ಮೆದುಭಾಗದಿಂದ ಟ್ರಿಗರನ್ನು ನೇರ ಹಿಂದಕ್ಕೆ ಮೆಲ್ಲಗೆ ಒತ್ತಬೇಕು. ಗುಂಡು ಹಾರಿದ ಮೇಲೂ ಒಂದೆರಡು ಕ್ಷಣ ಹಾಗೇ ಸೈಟಿನೊಳಗೆ ನೋಡುತ್ತಿರಬೇಕು. ಅದೇ ಫಾಲೋ ಥ್ರೂ. ಅದಿಲ್ಲದೆ ಶಾಟ್ ಕಾಲ್ ಸಾಧ್ಯವೇ ಇಲ್ಲ.

ಏಳೆಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ಕಣ್ಣು ಮಂಜಾಗುತ್ತದೆ, ತೋಳು ನಡುಗುತ್ತದೆ. ಆಗ ರೈಫಲ್ ಇಳಿಸಿ ಮತ್ತೆ ಶುರುಮಾಡಬೇಕು. ಮಕ್ಕಳಿಗೆ ಇದು ಕಷ್ಟ, ಏಕೆಂದರೆ ಇಳಿಸುವುದು ಸೋತಂತೆ ಕಾಣುತ್ತದೆ. ಮಗು ತಾನಾಗಿ ಇಳಿಸಿದಾಗ ನಾನು ಬಾಯಿಬಿಟ್ಟು ಮೆಚ್ಚುತ್ತೇನೆ, ಹತ್ತಕ್ಕೆ ಹೊಡೆದಾಗ ಮೆಚ್ಚುವುದಕ್ಕಿಂತ ಹೆಚ್ಚಾಗಿ. ‘ಈಗ ಬೇಡ’ ಎಂಬ ತೀರ್ಮಾನ ಅದರದೇ, ಯಾರೂ ಹೇಳಿಕೊಟ್ಟದ್ದಲ್ಲ.

ನೀವೂ ಪಕ್ಕದ ಲೇನಿನಲ್ಲಿ ಹೊಡೆಯಿರಿ, ಸರದಿಯಂತೆ. ಅವಳು ಹೊಡೆಯುವಾಗ ನನ್ನ ರೈಫಲ್ ಖಾಲಿಯಾಗಿ ಕೆಳಗಿರುತ್ತದೆ. ನಾನು ಹೊಡೆಯುವಾಗ ಅವಳು ಪ್ರಶ್ನೆ ಕೇಳುವವಳು. ಅಮ್ಮನ ಗುಂಡು ಎಂಟಕ್ಕೆ ಬಿದ್ದರೂ ಅಮ್ಮ ಸಿಡುಕದೆ ‘ಎಡಕ್ಕೆ, ಬೆರಳು ಒಂದು ಬದಿಗೆ ಒತ್ತಿತು’ ಎನ್ನುವುದನ್ನು ನೋಡಿ ಕಲಿಯುವುದು ಉಪದೇಶದಿಂದ ಬರುವುದಿಲ್ಲ. ಮಗುವಿನ ಹಿಂದೆ ನಿಂತು ತಿದ್ದುವ ಮಾತನ್ನು ಒಂದು ಸರದಿಗೆ ಒಂದಕ್ಕೇ ಮಿತಿಗೊಳಿಸಿ. ಸುಸ್ತು ಕಂಡೊಡನೆ ಮುಗಿಸಿ. ಮಕ್ಕಳ ಗಮನ ಅರ್ಧ ಗಂಟೆ ಗಟ್ಟಿಯಾಗಿ ನಿಂತರೆ ಅದೇ ಬಹಳ. ಪೆಲೆಟ್ ಇಲ್ಲದ ಡ್ರೈ ಫೈರಿಂಗ್ ಒಳ್ಳೆಯ ಅಭ್ಯಾಸ, ಆದರೆ ರೈಫಲ್ಲಿನಲ್ಲಿ ಅದಕ್ಕೆಂದೇ ವ್ಯವಸ್ಥೆಯಿದ್ದರೆ ಮಾತ್ರ. ಸ್ಪ್ರಿಂಗ್ ರೈಫಲ್ಲನ್ನು ಖಾಲಿ ಹೊಡೆದರೆ ಒಳಗಿನ ಪಿಸ್ಟನ್ ಹಾಳಾಗಬಹುದು.

ಸ್ಪರ್ಧೆಗೆ ಹೋಗುವ ಹಂತ ಬಂದರೆ ಅಂಕದ ಗುರಿ ಹಾಕಿಕೊಡಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದರು. ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕವೇ 10.9. ನಾನು ಮಗಳಿಗೆ ಇದನ್ನು ಹೇಳುವುದು ಪದಕದ ಆಸೆ ಹುಟ್ಟಿಸಲಿಕ್ಕಲ್ಲ. ಹಿಂದಿನ ಗುಂಡುಗಳೆಲ್ಲ ಮುಗಿದುಹೋದವು, ಉಳಿದದ್ದು ಇದೊಂದೇ ಎಂದು ನಿಂತವರು ಹೀಗೆ ಹೊಡೆಯಬಲ್ಲರು ಎಂಬುದಕ್ಕೆ. ಸ್ಪರ್ಧೆಯ ದಿನ ಅವಳಿಗೊಂದು ಕೆಲಸ ಕೊಡುತ್ತೇನೆ: ಪ್ರತಿ ಗುಂಡಿಗೂ ಫಾಲೋ ಥ್ರೂ. ಹಿಂದಿನ ಕುರ್ಚಿಯಿಂದ ಸನ್ನೆ ಮಾಡುವುದಿಲ್ಲ, ಸ್ಕೋರ್ ಪರದೆಯನ್ನು ನೋಡಿ ಮುಖ ಬದಲಿಸುವುದಿಲ್ಲ. ಮಕ್ಕಳು ತಿರುಗಿ ನೋಡುವುದು ಮೊದಲು ನಮ್ಮ ಮುಖವನ್ನೇ. ಮುಗಿದ ಮೇಲೆ ಅಂಕದ ಮಾತನ್ನು ಅವಳು ಎತ್ತಿದರೆ ಮಾತ್ರ ಮುಂದುವರಿಸುತ್ತೇನೆ. ಅವಳ ಡೈರಿಯಲ್ಲಿ ಏನು ಬರೆಯಬೇಕೆಂಬುದನ್ನೂ ಅವಳೇ ನಿರ್ಧರಿಸುತ್ತಾಳೆ, ಅದನ್ನು ನಾನು ಕೇಳದೆ ತೆರೆಯುವುದಿಲ್ಲ.