ಸ್ಟಾರ್ಟಪ್ ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನ ಬೆಳೆಸೋ ಜಾಗ) ಬಿಲ್ಡಿಂಗ್ ಕಟ್ಟಿಸ್ತಿದ್ರೆ ಮೊದಲು ಮರಕ್ಕೆ ಜಾಗ ಬಿಡಿ

ಬಯೋಫಿಲಿಕ್ ಡಿಸೈನ್ (ಗಿಡಮರ, ಗಾಳಿ, ಬೆಳಕನ್ನ ಕಟ್ಟಡದ ಭಾಗ ಮಾಡೋದು) ಅಂದ್ರೆ ಕೊನೇಲಿ ಲಾಬಿಗೆ ನಾಲ್ಕು ಕುಂಡ ತಂದಿಡೋದಲ್ಲ, ಪ್ಲಾನ್ ಹಾಕೋವಾಗ್ಲೇ ಶುರು ಮಾಡ್ಬೇಕು. ಸೈಟಲ್ಲಿರೋ ದೊಡ್ಡ ಮರಗಳನ್ನ ಡ್ರಾಯಿಂಗಲ್ಲಿ ಗುರುತು ಮಾಡಿಸಿ, ಕಡಿಯೋದು ಬೇಡ, ಅದರ ಸುತ್ತ ಅಂಗಳ ಬಿಡಿ. ನಮ್ಮ ತೊಟ್ಟಿಮನೆ ಲೆಕ್ಕ ಇದೇ ತಾನೆ, ಮಧ್ಯೆ ಆಕಾಶ ಕಾಣ್ಬೇಕು, ಬಿಸಿಗಾಳಿ ಮೇಲಕ್ಕೆ ಹೋಗ್ಬೇಕು.

ಆಗೋದಾದ್ರೆ ಬೆಂಗಳೂರಿನ ಐಐಎಂ ಕ್ಯಾಂಪಸ್ ನೋಡ್ಕೊಂಡ್ ಬನ್ನಿ, ಆರ್ಕಿಟೆಕ್ಟ್ ಬಿ.ವಿ. ದೋಶಿ ಡಿಸೈನ್ ಮಾಡಿದ್ದು, ಒರಟು ಕಲ್ಲಿನ ಗೋಡೆ, ಉದ್ದುದ್ದ ಕಾರಿಡಾರ್, ಮೇಲೆ ಪರ್ಗೋಲಾ (ಸಂದಿ ಬಿಟ್ಟು ತೊಲೆ ಜೋಡಿಸಿದ ಚಪ್ಪರ), ಅದರ ಸಂದಿಯಿಂದ ಬಿಸಿಲು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತೆ. ಇನ್‌ಕ್ಯುಬೇಟರ್‌ಗೂ ಬೇಕಾಗಿರೋದು ಇಂಥದ್ದೇ, ಬೇರೆ ಬೇರೆ ಟೀಮಿನವರು ಎದುರಾಗಿ ನಿಂತು ಮಾತಾಡೋ ನೆರಳಿನ ಜಾಗ.

ಡೆಸ್ಕ್‌ಗಳನ್ನ ಉತ್ತರದ ಕಿಟಕಿ ಕಡೆ ಹಾಕಿ, ಸ್ಕ್ರೀನ್ ಮೇಲೆ ಬಿಸಿಲು ಅಷ್ಟಾಗಿ ಹೊಡೆಯಲ್ಲ. ಪಶ್ಚಿಮಕ್ಕೆ ಮೆಟ್ಟಿಲು, ಟಾಯ್ಲೆಟ್, ಸ್ಟೋರ್ ಇರಲಿ, ಸಂಜೆ ಬಿಸಿಲಿನ ಕಾವು ಕೆಲಸದ ಜಾಗಕ್ಕೆ ಬರದ ಹಾಗೆ.

ಟೆರೇಸ್ ಗಾರ್ಡನ್ ಬೇಕಿದ್ರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮೊದಲೇ ಹೇಳಿ, ಒದ್ದೆ ಮಣ್ಣು ಒಂದು ಘನ ಮೀಟರ್‌ಗೆ ಸುಮಾರು 1,600ರಿಂದ 2,000 ಕೆಜಿ ತೂಗುತ್ತೆ, ಆಮೇಲೆ ಸೇರಿಸೋಕಾಗಲ್ಲ. ಒಳಗಡೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಸಾಕು, ಹೊರಗಡೆ ಹೊಂಗೆ ಹಾಕಿ. ಮಾಲಿ ಸಂಬಳನೂ ಬಜೆಟಲ್ಲಿ ಸೇರಿಸ್ಕೊಳ್ಳಿ, ನೋಡ್ಕೊಳ್ಳೋರಿಲ್ಲದೆ ಗಿಡ ಉಳಿಯಲ್ಲ.