ಕಾಯಿಸಿದ ಕೊಳವೆಯ ಹಿಂದೆ ಸುಳಿಗಳನ್ನು ಎಣಿಸುವ ವಿಧಾನ

ಹರಿವಿಗೆ ಅಡ್ಡವಾಗಿ ನಿಂತ ಉರುಟಾದ ಕಂಬಿಯ ಎರಡೂ ಪಕ್ಕಗಳಿಂದ ಸುಳಿಗಳು ಸರದಿಯಂತೆ ಕಳಚಿಕೊಳ್ಳುತ್ತವೆ. ಕಂಬಿಯನ್ನು ಕಾಯಿಸಿದರೆ ಈ ಕಳಚುವಿಕೆ ಚುರುಕಾಗುವುದೋ ಮಂದವಾಗುವುದೋ ಎಂದು ಕೇಳುವ ಮೊದಲು, ಹರಿಯುತ್ತಿರುವುದು ಗಾಳಿಯೋ ನೀರೋ ಎಂದು ಕೇಳಬೇಕು. ಸ್ನಿಗ್ಧತೆಯನ್ನು, ಅಂದರೆ ಹರಿಯುವ ವಸ್ತುವಿನ ಅಂಟುತನವನ್ನು, ಸಾಂದ್ರತೆಯಿಂದ ಭಾಗಿಸಿದ ಬೆಲೆಯು ಗಾಳಿಯಲ್ಲಿ 27 ಡಿಗ್ರಿಗೆ ಸೆಕೆಂಡಿಗೆ ಸುಮಾರು 16 ಚದರ ಮಿಲಿಮೀಟರ್ ಇದ್ದದ್ದು 127 ಡಿಗ್ರಿಗೆ 26ಕ್ಕೆ ಏರುತ್ತದೆ. ಆದುದರಿಂದ ರೆನಾಲ್ಡ್ಸ್ ಸಂಖ್ಯೆ (ವೇಗವನ್ನು ವ್ಯಾಸದಿಂದ ಗುಣಿಸಿ ಈ ಬೆಲೆಯಿಂದ ಭಾಗಿಸಿದ್ದು) ಇಳಿಯುತ್ತದೆ, ಮತ್ತು ತಣ್ಣಗಿದ್ದಾಗ ಅಷ್ಟಿಷ್ಟು ಸುಳಿ ಬಿಡುತ್ತಿದ್ದ ತಂತಿಯು ಕಾದೊಡನೆ ಬಿಡುವುದನ್ನೇ ನಿಲ್ಲಿಸಬಹುದು. ನೀರಿನಲ್ಲಿ ಇದು ತಿರುವುಮುರುವು: 25 ಡಿಗ್ರಿಯಲ್ಲಿ 0.89 ಇದ್ದದ್ದು 35 ಡಿಗ್ರಿಗೆ 0.72ಕ್ಕೆ ಇಳಿಯುತ್ತದೆ, ರೆನಾಲ್ಡ್ಸ್ ಸಂಖ್ಯೆ ಏರಿ ಕಳಚುವಿಕೆ ಚುರುಕಾಗುತ್ತದೆ.

ನೀರಿನ ಪ್ರಯೋಗವನ್ನು ಶಿವಮೊಗ್ಗದ ಯಾವುದೇ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದು. ಮಳೆಗಾಲದ ತುಂಗೆಯಲ್ಲಿ ಸೇತುವೆಯ ಕಂಬಗಳ ಹಿಂದೆ ಕಾಣುವ ಸುಳಿಗಳು ಮನಸ್ಸನ್ನು ಸೆಳೆಯುತ್ತವೆಯಾದರೂ ಅಲ್ಲಿ ರೆನಾಲ್ಡ್ಸ್ ಸಂಖ್ಯೆ ಲಕ್ಷಗಳನ್ನು ದಾಟಿರುತ್ತದೆ. ನಮಗೆ ಬೇಕಾದದ್ದು ನೂರರ ಆಸುಪಾಸು, ಏಕೆಂದರೆ ಸುಳಿಗಳು ಸುಮಾರು 47ರಲ್ಲಿ ಕಳಚಲು ತೊಡಗಿ 180ರವರೆಗೆ ಶಿಸ್ತಾಗಿ ಸಾಲುಗಟ್ಟುತ್ತವೆ.

ನೀರನ್ನು ಹರಿಸುವ ಬದಲು, ನಿಂತ ನೀರಿನಲ್ಲಿ ಕೊಳವೆಯನ್ನು ಎಳೆಯುವುದೇ ಲೇಸು. ಪಂಪಿನ ಕದಡುವಿಕೆ ತಪ್ಪುತ್ತದೆ. ಒಂದೂವರೆ ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಗಾಜಿನ ತೊಟ್ಟಿಯ ಮೇಲೆ ಹಳಿಗಳ ಮೇಲೆ ಜಾರುವ ಚಿಕ್ಕ ಗಾಡಿಯನ್ನು ಇಟ್ಟು, ನಿಧಾನಗತಿಯ ಮೋಟಾರಿನಿಂದ ಸೆಕೆಂಡಿಗೆ 45 ಮಿಲಿಮೀಟರ್ ವೇಗದಲ್ಲಿ ಎಳೆಸಿ. 2 ಮಿಲಿಮೀಟರ್ ಹೊರವ್ಯಾಸದ ಸ್ಟೀಲ್ ಕೊಳವೆಯನ್ನು ಎರಡು ಕಾಲುಗಳು 10 ಸೆಂಟಿಮೀಟರ್ ಅಂತರದಲ್ಲಿ ನೇರವಾಗಿ ಇಳಿಯುವಂತೆ ಬಾಗಿಸಿ ಗಾಡಿಗೆ ಕಟ್ಟಬೇಕು. ಕಾಲುಗಳು ಎಳೆತಕ್ಕೆ ಅಡ್ಡಲಾಗಿ ಅಕ್ಕಪಕ್ಕದಲ್ಲಿರಬೇಕೇ ಹೊರತು ಒಂದರ ಹಿಂದೊಂದು ಇರಬಾರದು. ಎತ್ತರದಲ್ಲಿಟ್ಟ ಬಕೆಟ್ಟಿನಿಂದ ಬಿಸಿನೀರು ರಬ್ಬರ್ ನಳಿಕೆಯ ಮೂಲಕ ಒಂದು ಕಾಲಿಗೆ ಇಳಿದು ಇನ್ನೊಂದರಿಂದ ತೊಟ್ಟಿಯ ಹೊರಗೆ ಹೋಗಲಿ. ವಿದ್ಯುತ್ತು ನೀರಿನ ಬಳಿ ಸುಳಿಯಬೇಕಾಗಿಲ್ಲ. ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಬಚ್ಚಲ ಹಂಡೆಯ ನೀರೇ ಸಾಕು. ಕೊಳವೆಯ ಹೊರಮೈ ಒಳಗಿನ ನೀರಿಗಿಂತ ಬಹಳ ತಣ್ಣಗಿರುವುದರಿಂದ ತಾಪವನ್ನು ಬಕೆಟ್ಟಿನಲ್ಲಿ ಅಳೆಯದೆ, ನೀರು ಹೊರಹೋಗುವ ಕಾಲಿಗೆ ಥರ್ಮೋಕಪಲ್ ತಾಗಿಸಿ ಅಳೆಯಿರಿ, ಸುಳಿಗಳನ್ನು ಇನ್ನೊಂದು ಕಾಲಿನ ಹಿಂದೆ ನೋಡಿ.

ತೊಟ್ಟಿಯದೇ ನೀರಿನಲ್ಲಿ ತೆಳುವಾಗಿ ಕರಗಿಸಿದ ಪೊಟ್ಯಾಷಿಯಂ ಪರ್ಮಾಂಗನೇಟನ್ನು ಆ ಕಾಲು ಸಾಗುವ ದಾರಿಯುದ್ದಕ್ಕೂ ಸಿರಿಂಜಿನಿಂದ ಎಳೆಯಾಗಿ ಬಿಟ್ಟು, ಗಾಡಿಗೆ ಬಿಗಿದ ಮೊಬೈಲಿನಿಂದ ಮೇಲಿನಿಂದ ಚಿತ್ರೀಕರಿಸಬೇಕು. ಒಂದೇ ಪಕ್ಕದ ಸುಳಿಗಳನ್ನು ಮಾತ್ರ ಎಣಿಸಿ. 25 ಡಿಗ್ರಿಯ ನೀರಿನಲ್ಲಿ ತಣ್ಣನೆಯ ಕೊಳವೆಗೆ ರೆನಾಲ್ಡ್ಸ್ ಸಂಖ್ಯೆ 101, ಸ್ಟ್ರೌಹಾಲ್ ಸಂಖ್ಯೆ (ಸೆಕೆಂಡಿಗೆ ಒಂದು ಪಕ್ಕದಿಂದ ಕಳಚುವ ಸುಳಿಗಳನ್ನು ವ್ಯಾಸದಿಂದ ಗುಣಿಸಿ ವೇಗದಿಂದ ಭಾಗಿಸಿದ್ದು) ಸುಮಾರು 0.165, ಅಂದರೆ 20 ಸೆಕೆಂಡಿನಲ್ಲಿ 74 ಸುಳಿಗಳು. ಹೊರಮೈ 45 ಡಿಗ್ರಿಗೆ ಕಾದಾಗ ನಡುವಿನ ತಾಪವಾದ 35 ಡಿಗ್ರಿಯ ಬೆಲೆ ಹಿಡಿದರೆ 79 ಬರಬೇಕು. ಇದನ್ನು ಮೇಲಿನ ಮಿತಿಯೆಂದು ತಿಳಿಯುವುದು ಒಳ್ಳೆಯದು, ಏಕೆಂದರೆ ಗಾಳಿಯ ಪ್ರಯೋಗಗಳಲ್ಲಿ ತಾಪ ವ್ಯತ್ಯಾಸದ ಅರ್ಧವನ್ನಲ್ಲ, ಶೇಕಡ 28ರಷ್ಟನ್ನು ಮಾತ್ರ ಸೇರಿಸಿದಾಗ ಲೆಕ್ಕ ಸರಿಹೊಂದಿದೆ. ವ್ಯತ್ಯಾಸ ಇಷ್ಟು ಚಿಕ್ಕದಾದ್ದರಿಂದ ಪ್ರತಿ ಎಳೆತದ ಮೊದಲು ತೊಟ್ಟಿಯ ನೀರನ್ನು ಕಲಕಿ, ಪೂರ್ತಿ ನಿಶ್ಚಲವಾಗುವವರೆಗೆ ಕಾದು, ತಾಪವನ್ನು ಬರೆದುಕೊಳ್ಳಲೇಬೇಕು. ಮಲೆನಾಡಿನ ಚಳಿಗಾಲದಲ್ಲಿ ಬೆಳಗಿನ ನೀರಿಗೂ ಮಧ್ಯಾಹ್ನದ ನೀರಿಗೂ ಇರುವ ಅಂತರವೇ ಫಲಿತಾಂಶವನ್ನು ನುಂಗಬಲ್ಲದು.

ಬಿಸಿಯಾದ ನೀರು ಹಗುರಾಗಿ ಮೇಲೇಳುವುದನ್ನು ಮಾತ್ರ ಅಲಕ್ಷಿಸುವಂತಿಲ್ಲ. ಮಲಗಿಸಿದ ಕೊಳವೆಯಾದರೆ ಅದರ ಹಿಂದಿನ ಸುಳಿಸಾಲು ಒಂದು ಕಡೆಗೆ ವಾಲುತ್ತದೆ, ಹರಿವೇ ಮೇಲ್ಮುಖವಾಗಿದ್ದು ಕಾಯಿಸುವಿಕೆ ಸಾಕಷ್ಟು ಬಲವಾಗಿದ್ದರೆ ಸುಳಿಗಳು ನಿಂತೇ ಹೋಗುತ್ತವೆ. ಕೊಳವೆಯನ್ನು ನೇರವಾಗಿ ನಿಲ್ಲಿಸಿದ್ದು ಈ ಕಾರಣಕ್ಕೆ. ಹರಿವಿನೆದುರು ಈ ಮೇಲೇಳುವಿಕೆ ಎಷ್ಟು ಬಲವಾದದ್ದು ಎಂಬುದರ ಅಳತೆಯಾದ ರಿಚರ್ಡ್‌ಸನ್ ಸಂಖ್ಯೆ ನಮ್ಮ ಪ್ರಯೋಗದಲ್ಲಿ ಸುಮಾರು 0.06. ರೆನಾಲ್ಡ್ಸ್ ಸಂಖ್ಯೆಯನ್ನು ಬದಲಿಸದಿದ್ದರೆ ಇದು ವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 3 ಮಿಲಿಮೀಟರಿನ ಕೊಳವೆಯಲ್ಲಿ ಮೂರು ಪಟ್ಟು ಮೀರುತ್ತದೆ. ಸುಳಿಸಾಲು ಮೇಲಕ್ಕೆ ಓರೆಯಾಗುವುದು ಕಂಡರೆ ಬಿಸಿಯನ್ನು ತಗ್ಗಿಸುವ ಮೊದಲು ಕೊಳವೆಯನ್ನು ತೆಳುವಾಗಿಸಿ, ಎಳೆತವನ್ನು ಅದಕ್ಕೆ ತಕ್ಕಂತೆ ಚುರುಕುಗೊಳಿಸಿ.